ಒಂದು ಬಿಂದಿಗೆ ನೀರಿನ ಬೆಲೆ ಎಷ್ಟು?



ಅರ್ಥಶಾಸ್ತ್ರ ಅಂದರೆ ಬ್ಯಾಂಕಿನವರ ಲೆಕ್ಕ, ನಮಗ್ಯಾಕೆ ಅಂತ ನಿಮ್ಮಲ್ಲಿ ಹಲವರು ಅಂದುಕೊಂಡಿದ್ದೀರಿ. ಹಾಗಲ್ಲ. ಇರುವುದು ಸ್ವಲ್ಪ, ಬೇಕಾದವರು ಬಹಳ ಮಂದಿ. ಆಗ ಯಾರಿಗೆ, ಎಷ್ಟು, ಹೇಗೆ ಹಂಚುವುದು? ಇದನ್ನು ವಿಚಾರ ಮಾಡುವ ಶಾಸ್ತ್ರವೇ ಅರ್ಥಶಾಸ್ತ್ರ. ಬೇಸಿಗೆಯಲ್ಲಿ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಬಿಂದಿಗೆಗಳನ್ನು ನೋಡಿದರೆ ಮೊದಲ ಪಾಠ ಅಲ್ಲೇ ಸಿಗುತ್ತದೆ.

1. ಪುಕ್ಕಟೆ ನೀರು ಪುಕ್ಕಟೆಯೇ?

ಒಬ್ಬ ಹುಡುಗಿ ಬೆಳಿಗ್ಗೆ ಒಂದು ಗಂಟೆ ಸಾಲಿನಲ್ಲಿ ನಿಂತು ನಾಲ್ಕು ಬಿಂದಿಗೆ ನೀರು ತಂದಳು ಅನ್ನಿ. ದುಡ್ಡು ಕೊಡಲಿಲ್ಲ. ಆದರೆ ಮೊದಲ ಪೀರಿಯಡ್ಡಿನ ಗಣಿತ ಪಾಠ ತಪ್ಪಿತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುತ್ತೇವಲ್ಲ, ಅದಕ್ಕೆ 'ಅವಕಾಶ ವೆಚ್ಚ' ಎನ್ನುತ್ತಾರೆ. ಈ ವೆಚ್ಚ ಯಾವ ರಸೀದಿಯಲ್ಲೂ ಬರೋದಿಲ್ಲ, ಹಾಜರಿ ಪುಸ್ತಕದಲ್ಲಿ ಬರುತ್ತದೆ. ಹೆಚ್ಚಾಗಿ ಅದನ್ನು ತೆರುವವರು ಅಮ್ಮ, ಅಕ್ಕ, ತಂಗಿ. ಅಣ್ಣತಮ್ಮಂದಿರು ಯೋಚಿಸಬೇಕು!

2. ಬೇಸಿಗೆಯಲ್ಲಿ ಬೆಲೆ ಯಾಕೆ ಏರುತ್ತದೆ?

ಆಡಂ ಸ್ಮಿತ್ ಎಂಬ ಪಂಡಿತರು 1776ರ ತಮ್ಮ ಗ್ರಂಥದಲ್ಲಿ ಒಂದು ಸೋಜಿಗ ತೋರಿಸಿದರು. ನೀರಿನಷ್ಟು ಉಪಯೋಗದ ವಸ್ತು ಇಲ್ಲ, ಆದರೂ ಅಗ್ಗ. ವಜ್ರದಿಂದ ಹೆಚ್ಚು ಉಪಯೋಗವಿಲ್ಲ, ಆದರೂ ದುಬಾರಿ. ಯಾಕೆ? ಮೊದಲ ಬಿಂದಿಗೆ ಕುಡಿಯೋದಕ್ಕೆ, ಹತ್ತನೆಯದು ಸ್ಕೂಟರ್ ತೊಳೆಯೋದಕ್ಕೆ. ನೀರು ಧಾರಾಳವಾಗಿದ್ದಾಗ ನಾವು ಕೊಡುವ ಬೆಲೆ ಆ ಹತ್ತನೆಯ ಬಿಂದಿಗೆಯದು. ನೀರು ಬತ್ತಿದಾಗ ಮೊದಲ ಬಿಂದಿಗೆಯ ಬೆಲೆ ಕೊಡಬೇಕಾಗುತ್ತದೆ.

ನಮ್ಮ ಪಕ್ಕದ ಹೆಸರಘಟ್ಟ ಕೆರೆಯಿಂದಲೇ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆ ನೀರು ಹೋಗತೊಡಗಿತು. ಸೋಲದೇವನಹಳ್ಳಿಯಲ್ಲಿ ಪಂಪ್ ಮಾಡಿ ಕಳಿಸುತ್ತಿದ್ದರು. ಪಟ್ಟಣಕ್ಕೆ ನೀರು ಕೊಟ್ಟ ಸೀಮೆಯೇ ಈಗ ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುತ್ತದೆ. ಮನೆಗಳು ಹೆಚ್ಚಿದವು, ಅಂದರೆ ಬೇಡಿಕೆ ಏರಿತು. ಪೂರೈಕೆ ಅದಕ್ಕೆ ತಕ್ಕಂತೆ ಏರಲಿಲ್ಲ.

3. ಸರ್ಕಾರ ಬೆಲೆ ಕಟ್ಟಿದರೆ?

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಿತು. ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತವು ಖಾಸಗಿ ಟ್ಯಾಂಕರಿಗೆ ದರ ಗೊತ್ತುಮಾಡಿತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ., 12,000 ಲೀಟರಿಗೆ 1,000 ರೂ. ಮನಸ್ಸಿಗೆ ಬಂದ ಹಾಗೆ ದುಡ್ಡು ಕೀಳುವುದನ್ನು ತಡೆಯಲು ಇದು ಬೇಕಾಗಿತ್ತು. ಆದರೆ ದರ ಕಟ್ಟಿದ ಮಾತ್ರಕ್ಕೆ ಭೂಮಿಯಲ್ಲಿ ಒಂದು ಹನಿ ನೀರೂ ಹೆಚ್ಚುವುದಿಲ್ಲ. ಬೆಲೆಯ ಬದಲು ಸಾಲು ಬೆಳೆಯಬಹುದು.

ಇನ್ನೊಂದು ಲೆಕ್ಕ ಮಾಡಿ. ಸಣ್ಣ ಟ್ಯಾಂಕರಿನಲ್ಲಿ ಲೀಟರಿಗೆ 10 ಪೈಸೆ, ದೊಡ್ಡದರಲ್ಲಿ ಸುಮಾರು 8 ಪೈಸೆ. ದೊಡ್ಡ ಸಂಪು ಇದ್ದವರಿಗೆ ನೀರು ಅಗ್ಗ. ಸಂಪೇ ಇಲ್ಲದ ಬಾಡಿಗೆ ಮನೆಯವರು ಟ್ಯಾಂಕರ್ ಕರೆಸೋದು ಹೇಗೆ? ಬಡವರಿಗೆ ದುಡ್ಡು ಮಾತ್ರವಲ್ಲ, ಕೂಡಿಡುವ ಜಾಗವೂ ಇರುವುದಿಲ್ಲ.

4. ನೆಲದೊಳಗಿನ ನೀರು ಯಾರದು?

ಇಬ್ಬರು ಅಕ್ಕಪಕ್ಕದಲ್ಲಿ ಬೋರ್‌ವೆಲ್ ಕೊರೆಸಿದ್ದಾರೆ ಅಂದುಕೊಳ್ಳಿ. 'ನಾನು ಬಿಟ್ಟರೆ ಅವನು ಎತ್ತುತ್ತಾನೆ' ಅಂತ ಇಬ್ಬರೂ ಹಗಲೂ ರಾತ್ರಿ ಮೋಟಾರ್ ಹಾಕುತ್ತಾರೆ. ಎತ್ತಿದ ನೀರಿನ ಲಾಭ ಒಬ್ಬೊಬ್ಬನದು, ಬತ್ತಿದ ನಷ್ಟ ಇಡೀ ಬೀದಿಯದು. ಕೊನೆಗೆ ಇಬ್ಬರ ಬೋರೂ ಒಣಗುತ್ತದೆ. ಇಲ್ಲಿ ಯಾರೂ ದಡ್ಡರಲ್ಲ, ನಿಯಮ ಇಲ್ಲ ಅಷ್ಟೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕೆರೆಯ ತೂಬು ಎತ್ತಿ ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ರೈತರು ಅವನಿಗೆ ಧಾನ್ಯ ಕೊಡುತ್ತಿದ್ದರು. ಅಮೆರಿಕದ ಎಲಿನಾರ್ ಆಸ್ಟ್ರಂ ಎಂಬ ಮಹಿಳೆ ಕ್ಯಾಲಿಫೋರ್ನಿಯಾದ ಅಂತರ್ಜಲವನ್ನೇ ಮೊದಲು ಅಧ್ಯಯನ ಮಾಡಿದರು. ಜನರು ಒಟ್ಟಿಗೆ ಕೂತು, ಅಳತೆ ಹಾಕಿ, ನಿಯಮ ಮಾಡಿಕೊಂಡು ಎಲ್ಲರ ಸೊತ್ತನ್ನು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆ ವಿಷಯದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಆದ್ದರಿಂದ ಮಕ್ಕಳೇ, ಬೆಲೆ ಎಂದರೆ ಬರೀ ರೂಪಾಯಿ ಅಲ್ಲ. ಯಾರು ತೆತ್ತರು, ಏನನ್ನು ಬಿಟ್ಟು ತೆತ್ತರು ಎಂದು ಕೇಳುವುದನ್ನು ಕಲಿತರೆ ನೀವು ಅರ್ಥಶಾಸ್ತ್ರ ಕಲಿತಂತೆಯೇ.

ಮನೆಗೆಲಸ:
ಅ) ನಿಮ್ಮ ಮನೆಗೆ ಒಂದು ವಾರ ಯಾರು ಯಾರು ಎಷ್ಟು ಹೊತ್ತು ನೀರು ತಂದರು? ಪಟ್ಟಿ ಮಾಡಿ.
ಆ) ಆ ಹೊತ್ತು ಉಳಿದಿದ್ದರೆ ಅವರು ಏನು ಮಾಡುತ್ತಿದ್ದರು? ಅವರನ್ನೇ ಕೇಳಿ ಬರೆಯಿರಿ.
ಇ) ನಿಮ್ಮ ಬೀದಿಯ ನೀರಿಗೆ ನೀವೇ ನೀರಗಂಟಿ ಆದರೆ ಯಾವ ಮೂರು ನಿಯಮ ಮಾಡುತ್ತೀರಿ?