ಪಿಕಪ್ ವಾಹನಕ್ಕೆ ಹೆಚ್ಚುವರಿ ದೀಪಗಳು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಮಲೆನಾಡಿನ ಕಾಫಿ ತೋಟಗಳು, ಕಲ್ಲುಗಣಿಗಳು, ಕಬ್ಬಿನ ಗದ್ದೆಗಳು ಮುಂತಾದ ಕಡೆ ಸರಕು ಸಾಗಿಸುವ ಪಿಕಪ್ ವಾಹನಗಳಿಗೆ ಕತ್ತಲಾದ ಮೇಲೂ ದುಡಿಮೆ ತಪ್ಪದು. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಬಿಡಿಸಿದ ಹಣ್ಣನ್ನು ಅಂದೇ ಪಲ್ಪಿಂಗ್ ಮನೆಗೆ ಮುಟ್ಟಿಸಬೇಕಾಗುವುದರಿಂದ ಕೊನೆಯ ಸುತ್ತು ಸಂಜೆಗತ್ತಲಲ್ಲೇ ನಡೆಯುವುದು ವಾಡಿಕೆ. ಇಂತಹ ದಾರಿಗಳಲ್ಲಿ ವಾಹನದೊಡನೆ ಬಂದ ಮೂಲ ದೀಪಗಳು ಸಾಲವೆಂಬ ದೂರು ಚಾಲಕರಿಂದ ಬರುವುದು ಸಹಜ. ಆಗ ಮಾಲೀಕರು ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಂಕಿಯುಳ್ಳ ದೀಪವನ್ನು ಕೊಂಡು ತರುತ್ತಾರೆ. ಆ ಅಂಕಿ ಏನನ್ನು ಅಳೆಯುತ್ತದೆ, ತಮ್ಮ ದಾರಿಗೆ ಎಂತಹ ಬೆಳಕು ಬೇಕು, ಕಾನೂನು ಎಷ್ಟಕ್ಕೆ ಅನುಮತಿ ನೀಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ವಿರಳ. ದೀಪದ ಬೆಲೆ ಕೆಲವು ಸಾವಿರ ರೂಪಾಯಿಗಳಷ್ಟೇ ಆದರೂ, ತಪ್ಪು ಆಯ್ಕೆಯ ಪರಿಣಾಮ ಸುಟ್ಟ ವೈರಿಂಗ್, ತಿರಸ್ಕೃತ ವಿಮಾ ಕೋರಿಕೆ ಅಥವಾ ಎದುರು ಬಂದವರ ಪ್ರಾಣಹಾನಿಯವರೆಗೆ ಹೋಗಬಹುದು. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸುವುದು ಉಚಿತ.

1. ಲ್ಯೂಮೆನ್, ಕ್ಯಾಂಡೆಲಾ, ಲಕ್ಸ್

ದೀಪವು ಎಲ್ಲ ದಿಕ್ಕುಗಳಿಗೂ ಸೇರಿ ಹೊರಸೂಸುವ ಒಟ್ಟು ಬೆಳಕಿನ ಅಳತೆಯೇ ಲ್ಯೂಮೆನ್. ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಆ ಬೆಳಕು ಎಷ್ಟು ತೀವ್ರವಾಗಿದೆ ಎಂಬುದನ್ನು ಕ್ಯಾಂಡೆಲಾ ತಿಳಿಸುತ್ತದೆ. ನೆಲದ ಮೇಲೆ ವಾಸ್ತವವಾಗಿ ಬಿದ್ದ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಲ್ಯೂಮೆನ್ ಎಂಬುದು ಒಟ್ಟು ವಹಿವಾಟು. ಲಕ್ಸ್ ಎಂಬುದು ಕೈಗೆ ಬಂದ ನಿವ್ವಳ ಲಾಭ. ವಹಿವಾಟಿನ ಅಂಕಿಯೊಂದನ್ನೇ ನೋಡಿ ಯಾರೂ ವ್ಯವಹಾರ ಕೊಳ್ಳುವುದಿಲ್ಲವಷ್ಟೆ.

ಇದರಲ್ಲೂ ಒಂದು ಸೂಕ್ಷ್ಮವಿದೆ. ಅಗ್ಗದ ದೀಪಗಳ ಮೇಲೆ ಮುದ್ರಿಸುವ ಲ್ಯೂಮೆನ್ ಸಾಮಾನ್ಯವಾಗಿ ಒಳಗಿನ ಎಲ್‌ಇಡಿ ಚಿಪ್‌ಗಳ ಸೈದ್ಧಾಂತಿಕ ಸಾಮರ್ಥ್ಯದ ಮೊತ್ತ. ಬಿಸಿಯಿಂದಲೂ ಪ್ರತಿಫಲಕ ಮತ್ತು ಗಾಜಿನಲ್ಲಿ ಆಗುವ ನಷ್ಟದಿಂದಲೂ ಹೊರಬರುವ ಬೆಳಕು ಅದಕ್ಕಿಂತ ಕಡಿಮೆ. ಹೊರಬಂದ ಬೆಳಕನ್ನೇ ಅಳೆದು ನಮೂದಿಸುವ ತಯಾರಕರೂ ಇದ್ದಾರೆ. ಎರಡು ದೀಪಗಳನ್ನು ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಬಗೆಯವೇ ಎಂದು ವಿಚಾರಿಸಬೇಕು.

ದೂರ ಹೆಚ್ಚಿದಂತೆ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 40,000 ಕ್ಯಾಂಡೆಲಾ ತೀವ್ರತೆಯ ದೀಪವು 25 ಮೀಟರ್ ದೂರದಲ್ಲಿ 64 ಲಕ್ಸ್, 50 ಮೀಟರ್‌ನಲ್ಲಿ 16 ಲಕ್ಸ್, 100 ಮೀಟರ್‌ನಲ್ಲಿ 4 ಲಕ್ಸ್, 200 ಮೀಟರ್‌ನಲ್ಲಿ ಕೇವಲ 1 ಲಕ್ಸ್ ನೀಡುತ್ತದೆ. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್. ಜಾಹೀರಾತಿನಲ್ಲಿ ಹೇಳುವ ವ್ಯಾಪ್ತಿಯ ದೂರ ಬಹುತೇಕ 1 ಲಕ್ಸ್ ಬೀಳುವ ಸ್ಥಳದ್ದಾಗಿರುತ್ತದೆ. ಅಷ್ಟು ಬೆಳಕಿನಲ್ಲಿ ಕೆಸರು ದಾರಿಯ ಕಲ್ಲು, ಕೊರಕಲುಗಳನ್ನು ಗುರುತಿಸಲಾಗದು.

2. ವೇಗವೇ ಬೆಳಕಿನ ದೂರವನ್ನು ನಿರ್ಧರಿಸಬೇಕು

ಚಾಲಕನು ಅಡಚಣೆಯನ್ನು ಕಂಡು ಬ್ರೇಕ್ ಒತ್ತಲು ಎರಡು ಸೆಕೆಂಡು ಬೇಕೆಂದೂ, ಒದ್ದೆ ಮಣ್ಣಿನ ಘರ್ಷಣಾಂಕ 0.4 ಎಂದೂ ಭಾವಿಸೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ನಿಲ್ಲಲು ಸುಮಾರು 69 ಮೀಟರ್ ಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಮಾರು 15 ಮೀಟರ್ ಸಾಕು. ಇಳಿಜಾರು ಮತ್ತು ಹೊರೆಗಾಗಿ ಇದನ್ನು ಇಮ್ಮಡಿಗೊಳಿಸಿದರೂ 30 ಮೀಟರ್ ಆಯಿತು.

ತೋಟದ ಒಳದಾರಿಯಲ್ಲಿ ಹೊರೆ ತುಂಬಿದ ಪಿಕಪ್ ಗಂಟೆಗೆ 20 ಕಿ.ಮೀ. ಮೀರುವುದು ಅಪರೂಪ. ಅಂದಮೇಲೆ 300 ಮೀಟರ್ ದೂರಕ್ಕೆ ಚೂಪಾಗಿ ಹಾಯುವ ಬೆಳಕು ಅಲ್ಲಿ ಎದುರಿನ ಮರದ ಕಾಂಡವನ್ನು ಬೆಳಗಿ ವ್ಯರ್ಥವಾಗುತ್ತದೆ. ಆ ದಾರಿಯ ನಿಜವಾದ ಅಪಾಯಗಳು ಪಕ್ಕದಲ್ಲಿರುತ್ತವೆ: ಮಳೆಗೆ ಕುಸಿದ ದಾರಿಯಂಚು, ತಿರುವಿನೊಳಗಿನ ಚರಂಡಿ, ಕೆಲಸ ಮುಗಿಸಿ ದಾರಿಯ ಬದಿಯಲ್ಲಿ ನಡೆದು ಹೋಗುವ ಕಾರ್ಮಿಕರು. ಅಲ್ಲಿಗೆ ಬೇಕಾದುದು ಹತ್ತಿರದ, ಅಗಲವಾದ ಬೆಳಕು. ದೀಪದ ಆಯ್ಕೆ ಆರಂಭವಾಗಬೇಕಾದುದು ಅಂಗಡಿಯಲ್ಲಲ್ಲ, ವಾಹನ ಓಡುವ ನೆಲದಲ್ಲಿ.

3. ಕಿರಣದ ಆಕಾರ ಮತ್ತು ಅಳವಡಿಸುವ ಎತ್ತರ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಸ್ಪಾಟ್ ದೀಪದ ಕಿರಣ ಕಿರಿದು. 10 ಡಿಗ್ರಿ ಕೋನದ ಕಿರಣವು 100 ಮೀಟರ್ ದೂರದಲ್ಲಿ ಸುಮಾರು 17 ಮೀಟರ್ ಅಗಲವನ್ನಷ್ಟೇ ಆವರಿಸುತ್ತದೆ. ಫ್ಲಡ್ ದೀಪದ ಕಿರಣ ಅಗಲ. 60 ಡಿಗ್ರಿ ಕಿರಣವು 20 ಮೀಟರ್ ದೂರದಲ್ಲೇ ಸುಮಾರು 23 ಮೀಟರ್ ಅಗಲಕ್ಕೆ ಹರಡುತ್ತದೆ. ಎರಡನ್ನೂ ಬೆರೆಸಿದ ಕಾಂಬೋ ದೀಪಗಳು ಉದ್ದನೆಯ ಲೈಟ್ ಬಾರ್‌ಗಳಲ್ಲಿ ಸಾಮಾನ್ಯ. ತೋಟ, ಗದ್ದೆ, ಸರಕು ತುಂಬುವ ಅಂಗಳಗಳಿಗೆ ಫ್ಲಡ್ ಯೋಗ್ಯ. ವಿಶಾಲವಾದ ಗಣಿ ಪ್ರದೇಶದ ನೇರ ಒಳದಾರಿಗಳಿಗೆ ಕಾಂಬೋ ಪ್ರಯೋಜನಕಾರಿ.

ಎತ್ತರದ ವಿಷಯದಲ್ಲಿ ಕ್ಯಾಬಿನ್ ಮೇಲಿನ ಲೈಟ್ ಬಾರ್‌ಗೆ ಬಹಳ ಆಕರ್ಷಣೆಯಿದೆ. ಆದರೆ ಅದರ ಬೆಳಕು ಬಾನೆಟ್ ಮೇಲೆ ಬಿದ್ದು ಚಾಲಕನ ಕಣ್ಣಿಗೇ ಮರಳುತ್ತದೆ. ಮಂಜು, ಧೂಳು ಅಥವಾ ಜಡಿಮಳೆ ಇದ್ದಾಗ ತೊಂದರೆ ಇನ್ನೂ ಹೆಚ್ಚು. ಗಾಳಿಯಲ್ಲಿರುವ ಹನಿಗಳು ಬೆಳಕನ್ನು ಹಿಂದಕ್ಕೆ ಚೆದುರಿಸುವುದರಿಂದ, ದೀಪವು ಕಣ್ಣಿನ ಮಟ್ಟಕ್ಕೆ ಸಮೀಪವಾದಷ್ಟೂ ಎದುರಿಗೆ ಬಿಳಿ ಪರದೆ ಎದ್ದಂತಾಗುತ್ತದೆ. ಸಕಲೇಶಪುರ, ಮಡಿಕೇರಿ ಕಡೆಯ ಮಂಜಿಗೆ ಬಂಪರ್ ಮಟ್ಟದಲ್ಲಿ ಕೆಳಮುಖವಾಗಿ ಕೂರಿಸಿದ, ಮೇಲ್ಭಾಗದಲ್ಲಿ ಬೆಳಕು ಸ್ಪಷ್ಟವಾಗಿ ಕತ್ತರಿಸಿದಂತಿರುವ ಮಂಜುದೀಪವೇ ಸೂಕ್ತ. ಹಳದಿಯೋ ಬಿಳಿಯೋ ಎಂಬ ಚರ್ಚೆ ಇಲ್ಲಿ ಎರಡನೆಯದು. ಕಿರಣದ ಆಕಾರ ಮತ್ತು ಎತ್ತರ ಮೊದಲನೆಯವು.

ದೀಪದ ಕವಚವನ್ನೂ ಪರೀಕ್ಷಿಸಬೇಕು. ಐಪಿ 67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಹೋಗದು, 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ನೀರು ಹಾನಿ ಮಾಡದು. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಕಡಿಮೆಯದು ಬೇಡ. ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳಿಲ್ಲದ ಎಲ್‌ಇಡಿ ದೀಪ ಬೇಗ ಮಂಕಾಗುತ್ತದೆ.

4. ವಿದ್ಯುತ್ತಿನ ಆಯವ್ಯಯ

ವಾಹನದ ಆಲ್ಟರ್ನೇಟರ್ ಆದಾಯವಿದ್ದಂತೆ, ಬ್ಯಾಟರಿ ಉಳಿತಾಯವಿದ್ದಂತೆ. 12 ವೋಲ್ಟ್ ವ್ಯವಸ್ಥೆಯಲ್ಲಿ 36 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳು 6 ಆಂಪಿಯರ್ ಎಳೆಯುತ್ತವೆ. 100 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪಗಳು ಸುಮಾರು 17 ಆಂಪಿಯರ್ ಎಳೆಯುತ್ತವೆ. ಆಲ್ಟರ್ನೇಟರ್ ಮೇಲೆ ನಮೂದಿಸಿದ ಸಾಮರ್ಥ್ಯ ಎಂಜಿನ್ ವೇಗವಾಗಿ ತಿರುಗುವಾಗಿನದು. ತೋಟದಲ್ಲಿ ನಿಧಾನವಾಗಿ ಓಡುವಾಗ, ಸರಕು ತುಂಬಲು ನಿಂತಾಗ ಉತ್ಪಾದನೆ ಬಹಳ ಕಡಿಮೆ. ಆಗ ಖರ್ಚು ಆದಾಯವನ್ನು ಮೀರಿ ಬ್ಯಾಟರಿ ಬರಿದಾಗುತ್ತದೆ.

ಅಳವಡಿಕೆಯಲ್ಲಿ ತಪ್ಪದೇ ಪಾಲಿಸಬೇಕಾದ ನಿಯಮಗಳು ಹೀಗಿವೆ. ದೀಪಕ್ಕೆ ವಿದ್ಯುತ್ತನ್ನು ಬ್ಯಾಟರಿಯಿಂದ ನೇರವಾಗಿ, ಪ್ರತ್ಯೇಕ ತಂತಿಯಲ್ಲಿ, ರಿಲೇ ಮೂಲಕ ಒಯ್ಯಬೇಕು. ಡ್ಯಾಶ್‌ಬೋರ್ಡ್‌ನ ಸ್ವಿಚ್ ರಿಲೇಯನ್ನಷ್ಟೇ ನಿಯಂತ್ರಿಸಬೇಕು. ಫ್ಯೂಸ್ ಅನ್ನು ದೀಪದ ಬಳಿಯಲ್ಲದೆ ಬ್ಯಾಟರಿಯ ಸಮೀಪದಲ್ಲೇ ಇಡಬೇಕು. ದಾರಿಯಲ್ಲಿ ಎಲ್ಲಿ ತಂತಿ ಉಜ್ಜಿ ದೇಹಕ್ಕೆ ತಗಲಿದರೂ ಆಗ ಮಾತ್ರ ರಕ್ಷಣೆ ದೊರೆಯುತ್ತದೆ. 6 ಆಂಪಿಯರ್ ಹೊರೆಗೆ 10 ಆಂಪಿಯರ್ ಫ್ಯೂಸ್, 2.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಾರಣ ಹುಡುಕಬೇಕೇ ಹೊರತು ದೊಡ್ಡ ಫ್ಯೂಸ್ ಹಾಕಬಾರದು. ಮೂಲ ಹೆಡ್‌ಲೈಟ್ ತಂತಿಯನ್ನೇ ಸೀಳಿ ಹೊಸ ದೀಪ ಜೋಡಿಸುವ ಪದ್ಧತಿ ಬೆಂಕಿ ಅವಘಡಕ್ಕೆ ನೇರ ಆಹ್ವಾನ; ಅದರಿಂದ ತಯಾರಕರ ವಾರಂಟಿಗೂ ಧಕ್ಕೆ ಬರಬಹುದು.

5. ಕಾನೂನಿನ ಮಿತಿ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 111ನೆಯ ನಿಯಮದ ಪ್ರಕಾರ, ವಿಶೇಷ ಸಂದರ್ಭಗಳಲ್ಲಿ ನೋಂದಣಿ ಪ್ರಾಧಿಕಾರಿಯ ಪೂರ್ವಾನುಮತಿ ಪಡೆದ ಹೊರತು, ಯಾವುದೇ ವಾಹನದ ಮುಂಭಾಗಕ್ಕೆ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಅಳವಡಿಸುವಂತಿಲ್ಲ. ಮುಂದಕ್ಕೆ ಬೆಳಕು ಚೆಲ್ಲುವ ದೀಪಗಳು ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕು ಎಂಬುದು 106ನೆಯ ನಿಯಮದ ಸಾರ. ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ನಮ್ಮ ರಾಜ್ಯದಲ್ಲಿ 2024ರ ಜುಲೈನಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ಪೊಲೀಸರು ವಿಶೇಷ ಕಾರ್ಯಾಚರಣೆ ಕೈಗೊಂಡದ್ದು ಓದುಗರಿಗೆ ನೆನಪಿರಬಹುದು.

ದೀಪಗಳನ್ನು ಕೂರಿಸಲು ಮುಂದೆ ಬುಲ್ ಬಾರ್ ಹಾಕಿಸುವುದು ಎರಡನೆಯ ಉಲ್ಲಂಘನೆಯಾಗುತ್ತದೆ. ಬುಲ್ ಬಾರ್ ಹಾಗೂ ಕ್ರ್ಯಾಶ್ ಗಾರ್ಡ್‌ಗಳು ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ದೀಪಕ್ಕೆ ಕವರ್ ಹಾಕಿಕೊಂಡು ಹೆದ್ದಾರಿಗೆ ಇಳಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 111ನೆಯ ನಿಯಮ ನಿಷೇಧಿಸುವುದು ಅಳವಡಿಕೆಯನ್ನೇ, ಬೆಳಗಿಸುವುದನ್ನು ಮಾತ್ರವಲ್ಲ. ಆದ್ದರಿಂದ ತೋಟದ ಗೇಟಿನಲ್ಲಿ ಕಳಚಿಡಬಹುದಾದ ಬ್ರಾಕೆಟ್ ಮತ್ತು ಪ್ಲಗ್ ಜೋಡಣೆಯುಳ್ಳ ದೀಪವೇ ವಿವೇಕದ ಮಾರ್ಗ. ಸ್ಥಿರವಾಗಿ ಅಳವಡಿಸಲೇಬೇಕೆನ್ನುವವರು ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಅನುಮತಿಯ ಪ್ರತಿಯನ್ನು ವಾಹನದಲ್ಲಿ ಇರಿಸತಕ್ಕದ್ದು. ಹಿಂಬದಿಯಲ್ಲಿ ಸರಕು ತುಂಬಲು ಹಾಕುವ ಬಿಳಿ ದೀಪಕ್ಕೆ ಪ್ರತ್ಯೇಕ ಸ್ವಿಚ್ ಇದ್ದು, ವಾಹನ ನಿಂತಾಗ ಮಾತ್ರ ಉರಿಯಬೇಕು. ಓಡುವ ವಾಹನದ ಹಿಂದೆ ಬಿಳಿ ಬೆಳಕು ಕಂಡರೆ ಹಿಂದಿನ ಚಾಲಕನಿಗೆ ವಾಹನ ಎದುರು ಬರುತ್ತಿದೆಯೋ ಮುಂದೆ ಹೋಗುತ್ತಿದೆಯೋ ತಿಳಿಯದು.

6. ವಿಮೆ, ತೆರಿಗೆ ಮತ್ತು ಲೆಕ್ಕಪುಸ್ತಕ

ತಯಾರಕರು ಅಳವಡಿಸದ ವಿದ್ಯುತ್ ಉಪಕರಣಗಳ ಮೌಲ್ಯವನ್ನು ವಿಮಾ ಕಂಪನಿಗೆ ಘೋಷಿಸಿ, ಹೆಚ್ಚುವರಿ ಪ್ರೀಮಿಯಂ ತೆತ್ತು, ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕು. ಇಲ್ಲವಾದರೆ ದೀಪ ಕಳವಾದಾಗ ಪರಿಹಾರ ದೊರೆಯದು. ವೈರಿಂಗ್‌ನಿಂದ ಬೆಂಕಿ ಬಿದ್ದಾಗ ಅಘೋಷಿತ ಮಾರ್ಪಾಡಿನ ಕಾರಣವೊಡ್ಡಿ ಇಡೀ ಕೋರಿಕೆಯೇ ವಿವಾದಕ್ಕೀಡಾಗಬಹುದು.

2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆ ಶೇ. 18ರ ಏಕರೂಪ ಜಿಎಸ್‌ಟಿ ದರ ಅನ್ವಯಿಸಿದೆ. ಸರಕು ಸಾಗಣೆಯ ವಾಹನಗಳಿಗೆ ಹೂಡುವಳಿ ತೆರಿಗೆ ನಿರ್ಬಂಧ ಇಲ್ಲವಾದ್ದರಿಂದ, ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ನೋಂದಾಯಿತ ವರ್ತಕರು ಈ ತೆರಿಗೆಯನ್ನು ಜಮೆ ಪಡೆಯಬಹುದು. ಬಿಲ್ ತಮ್ಮ ಜಿಎಸ್‌ಟಿ ಸಂಖ್ಯೆಯಲ್ಲಿರುವುದು ಅಗತ್ಯ. ತಮ್ಮ ಜಮೀನಿನ ಫಸಲನ್ನಷ್ಟೇ ಮಾರುವ, ನೋಂದಣಿಯಿಲ್ಲದ ಕೃಷಿಕರಿಗೆ ಈ ಸೌಲಭ್ಯವಿಲ್ಲ. ಅವರಿಗೆ ತೆರಿಗೆಯೂ ಬೆಲೆಯ ಭಾಗವೇ. ಖಾಸಗಿ ವಾಹನವೆಂದು ನೋಂದಣಿಯಾದ ಡಬಲ್ ಕ್ಯಾಬ್ ಪಿಕಪ್‌ಗಳ ವಿಷಯದಲ್ಲಿ ಸಲಹೆ ಪಡೆದು ಮುಂದುವರಿಯಬೇಕು.

ಸುಟ್ಟ ದೀಪದ ಬದಲಿಗೆ ಅಂತಹುದೇ ದೀಪ ಹಾಕಿದರೆ ಅದು ದುರಸ್ತಿ, ರಾಜಸ್ವ ವೆಚ್ಚ. ವಾಹನಕ್ಕೆ ಮೊದಲಿಲ್ಲದ ಸಾಮರ್ಥ್ಯ ಒದಗಿಸುವ ಹೊಸ ದೀಪದ ವ್ಯವಸ್ಥೆ ಬಂಡವಾಳ ವೆಚ್ಚ. ಅದನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆಯಬೇಕು.

7. ವೆಚ್ಚದ ತುಲನೆ

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಭಾವಿಸಿಕೊಳ್ಳೋಣ. ಮೊದಲನೆಯ ಆಯ್ಕೆ: 2,400 ರೂ.ಗಳ ಅಗ್ಗದ ಲೈಟ್ ಬಾರ್, 600 ರೂ.ಗಳ ಸರಳ ವೈರಿಂಗ್. ಬಾಳಿಕೆ ಒಂದು ಮಳೆಗಾಲ. ವಾರ್ಷಿಕ ವೆಚ್ಚ 3,000 ರೂ. ಎರಡನೆಯ ಆಯ್ಕೆ: 7,500 ರೂ.ಗಳ ಐಪಿ 67 ಫ್ಲಡ್ ದೀಪಗಳ ಜೋಡಿ, 2,000 ರೂ.ಗಳ ರಿಲೇ ಸಹಿತ ಹಾರ್ನೆಸ್, 1,000 ರೂ. ಕೂಲಿ, ಬಾಳಿಕೆ ಐದು ವರ್ಷ. ಒಟ್ಟು 10,500 ರೂ., ವಾರ್ಷಿಕ 2,100 ರೂ. ದುಬಾರಿಯಾಗಿ ಕಂಡದ್ದೇ ವರ್ಷಕ್ಕೆ 900 ರೂ. ಅಗ್ಗ. ಕೊಯ್ಲಿನ ನಡುವೆ ದೀಪ ಕೆಟ್ಟು ವಾಹನ ನಿಂತ ರಾತ್ರಿಯ ನಷ್ಟವನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

8. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಅ) ದೀಪ ಬೇಕಾಗಿರುವ ದಾರಿ ಯಾವುದು? ಅಲ್ಲಿ ವಾಹನದ ಗರಿಷ್ಠ ವೇಗವೆಷ್ಟು?
ಆ) ಬೇಕಾದುದು ದೂರದ ಬೆಳಕೋ, ಅಗಲದ ಬೆಳಕೋ?
ಇ) ನಮೂದಿಸಿದ ಲ್ಯೂಮೆನ್ ಹೊರಬಂದ ಬೆಳಕಿನದೋ, ಚಿಪ್‌ಗಳ ಮೊತ್ತವೋ?
ಈ) ಎಂಜಿನ್ ನಿಧಾನವಾಗಿದ್ದಾಗ ಆಲ್ಟರ್ನೇಟರ್ ಈ ಹೊರೆಯನ್ನು ತಾಳಬಲ್ಲುದೇ?
ಉ) ಪ್ರತ್ಯೇಕ ತಂತಿ, ರಿಲೇ, ಬ್ಯಾಟರಿ ಬಳಿ ಫ್ಯೂಸ್ ಇವೆಯೇ?
ಊ) ಸಾರ್ವಜನಿಕ ರಸ್ತೆಗೆ ಇಳಿಯುವ ಮುನ್ನ ದೀಪ ಕಳಚಬಹುದೇ, ಅಥವಾ ಲಿಖಿತ ಅನುಮತಿ ಇದೆಯೇ?
ಋ) ಬಿಲ್, ವಾರಂಟಿ ಪತ್ರ, ವಿಮಾ ನಮೂದು ಕೈಯಲ್ಲಿವೆಯೇ?

ಈ ಏಳಕ್ಕೂ ಉತ್ತರ ದೊರೆತ ಮೇಲೆ ಬೆಲೆಯ ಚರ್ಚೆಗೆ ಇಳಿಯುವುದು ಒಳಿತು. ಈ ಉತ್ತರಗಳನ್ನು ಮಾಲೀಕರೊಬ್ಬರೇ ಬರೆಯದೆ, ರಾತ್ರಿ ಆ ದಾರಿಯಲ್ಲಿ ವಾಹನ ನಡೆಸುವ ಚಾಲಕನನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಇನ್ನೂ ಒಳಿತು. ದಾರಿಯ ಯಾವ ತಿರುವಿನಲ್ಲಿ ಯಾವ ಬದಿ ಕಾಣದೆಂಬುದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.