ಕೊಟ್ಟಿಗೆಯಲ್ಲಿದ್ದ ಜಾವಾ

ಆಶಯ: ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಎಸೆಯುವುದು ತಪ್ಪು, ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಪೂಜಿಸುವುದೂ ತಪ್ಪು. ತಂದೆಯವರ ಮೋಟಾರ್ ಸೈಕಲ್ಲನ್ನು ಮನೆಯಲ್ಲಿಯೇ ದುರಸ್ತಿಗೊಳಿಸಿದ ಶಿಕ್ಷಕರೊಬ್ಬರು ಆ ಕೆಲಸದಿಂದ ತಾವು ಕಲಿತುದನ್ನು ಈ ಪಾಠದಲ್ಲಿ ನಿರೂಪಿಸಿದ್ದಾರೆ.

ಹಳೆಯ ವಾಹನಗಳನ್ನು ಮನೆಯ ಹಿತ್ತಿಲಲ್ಲಿಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಸ್ವಂತ ಕೈಗಳಿಂದ ಮತ್ತೆ ಓಡುವಂತೆ ಮಾಡುವ ಹವ್ಯಾಸವುಳ್ಳವರು ಪ್ರಪಂಚದ ಅನೇಕ ದೇಶಗಳಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ೧೯೫೦ ಮತ್ತು ೬೦ರ ದಶಕಗಳಲ್ಲಿ ತಯಾರಾದ ಎಂ.ಜಿ., ಟ್ರಯಂಫ್ ಮುಂತಾದ ಪುಟ್ಟ ಸ್ಪೋರ್ಟ್ಸ್ ಕಾರುಗಳು ಇಂದಿಗೂ ಓಡುತ್ತಿರುವುದು ಇಂತಹ ಹವ್ಯಾಸಿಗಳ ತಾಳ್ಮೆಯಿಂದಲೇ. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬರಲಾಗಿದೆ. ಆದರೆ ಸ್ಪೋರ್ಟ್ಸ್ ಕಾರುಗಳು ನಮ್ಮ ಭೀಮಾತೀರದ ಕಪ್ಪುಮಣ್ಣಿನ ದಾರಿಗಳನ್ನು ಕಂಡವಲ್ಲ. ನನ್ನ ಬಾಲ್ಯದಲ್ಲಿ ಅಫಜಲಪುರದ ಹುಡುಗರು ಆಟವನ್ನು ಬಿಟ್ಟು ಓಡಿಬಂದು ನೋಡುತ್ತಿದ್ದ ವಾಹನವೆಂದರೆ ಜಾವಾ ಮೋಟಾರ್ ಸೈಕಲ್ಲು. ಜನರು ಅದನ್ನು 'ಫಟಫಟಿ' ಎಂದು ಕರೆಯುತ್ತಿದ್ದರು.

ಜಾವಾದ ಹುಟ್ಟೂರು ಯೂರೋಪಿನ ಪ್ರಾಗ್ ನಗರ. ಅಂದಿನ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ೧೯೨೯ರಲ್ಲಿ ತನ್ನ ತಯಾರಿಕೆಯನ್ನು ಆರಂಭಿಸಿದನು. ರೋಮನ್ ಲಿಪಿಯಲ್ಲಿ ಆ ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರಗಳು ಕೂಡಿ 'ಜಾವಾ' ಎಂಬ ಹೆಸರು ಹುಟ್ಟಿತು. ಈ ವಾಹನವನ್ನು ನಮ್ಮ ದೇಶದಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು ೧೯೬೦ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿದ್ದ ಅದರ ಕಾರ್ಖಾನೆಯನ್ನು ೧೯೬೧ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ೧೯೭೩ರಲ್ಲಿ ನಮ್ಮ ರಾಜ್ಯವು 'ಮೈಸೂರು' ಎಂಬ ಹೆಸರನ್ನು ಬಿಟ್ಟು 'ಕರ್ನಾಟಕ'ವಾಯಿತು. ಅದೇ ವರ್ಷ ಮೈಸೂರಿನ ಮೋಟಾರ್ ಸೈಕಲ್ಲೂ 'ಜಾವಾ' ಎಂಬ ಹೆಸರನ್ನು ಬಿಟ್ಟು 'ಯೆಜ್ದಿ'ಯಾಯಿತು. ಮುಂದೆ ೧೯೮೦ರ ದಶಕದಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ ತಯಾರಾದ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಹಗುರವಾದ ವಾಹನಗಳು ಬಂದವು. ಹೊಗೆಯ ಬಗ್ಗೆ ನಿಯಮಗಳೂ ಬಿಗಿಯಾದವು. ೧೯೯೬ರಲ್ಲಿ ಮೈಸೂರಿನ ಕಾರ್ಖಾನೆಯು ತಯಾರಿಕೆಯನ್ನು ನಿಲ್ಲಿಸಿತು. ಅಲ್ಲಿ ದುಡಿಯುತ್ತಿದ್ದವರು ಕೆಲಸವನ್ನು ಕಳೆದುಕೊಂಡರು; ಊರೂರುಗಳಲ್ಲಿದ್ದ ಜಾವಾಗಳು ತವರನ್ನು ಕಳೆದುಕೊಂಡವು.

ನನ್ನ ತಂದೆಯವರು ಪಶುವೈದ್ಯರಾಗಿದ್ದರು. ೧೯೬೯ರಲ್ಲಿ ಅವರು ಕೆಂಪುಬಣ್ಣದ ಒಂದು ಜಾವಾವನ್ನು ಕೊಂಡರು. ಔಷಧದ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಕರಜಗಿ, ಮಾಶಾಳ, ದೇವಲ ಗಾಣಗಾಪುರಗಳ ಕಡೆಗೆ ಹೋಗುತ್ತಿದ್ದರು. ಸಂಜೆ ಚೌಡಾಪುರದ ರಸ್ತೆಯ ಕಡೆಯಿಂದ ಅದರ ಸಪ್ಪಳ ಕೇಳಿಸಿದೊಡನೆಯೇ ತಾಯಿಯವರು ಒಲೆಯ ಮೇಲೆ ರೊಟ್ಟಿಯ ಹಂಚನ್ನಿಡುತ್ತಿದ್ದರು. ಒಂದು ಮಳೆಗಾಲದ ರಾತ್ರಿ, ಕರುಹಾಕಲಾರದೆ ಒದ್ದಾಡುತ್ತಿದ್ದ ಆಕಳೊಂದನ್ನು ನೋಡಲು ಹೊರಟ ತಂದೆಯವರು ಎರೆಮಣ್ಣಿನ ಕೆಸರಿನಲ್ಲಿ ಜಾರಿಬಿದ್ದರು. ಪೆಟ್ರೋಲ್ ಟ್ಯಾಂಕಿನ ಎಡಬದಿ ಕಲ್ಲಿಗೆ ಬಡಿದು ಅಂಗೈಯಗಲ ತಗ್ಗಾಯಿತು. ಅವರು ಮೊಣಕಾಲಿಗೆ ಪಂಚೆಯ ಚೂರನ್ನು ಕಟ್ಟಿಕೊಂಡು ಮುಂದೆ ಸಾಗಿದರು. ಆಕಳೂ ಉಳಿಯಿತು, ಕರುವೂ ಉಳಿಯಿತು.

ತಂದೆಯವರು ನಿವೃತ್ತರಾದ ಮೇಲೆ ಬಿಡಿಭಾಗಗಳು ದೊರೆಯದೆ ಜಾವಾ ಕೊಟ್ಟಿಗೆಯನ್ನು ಸೇರಿತು. ಅವರು ತೀರಿಕೊಂಡ ಮೇಲಂತೂ ಅದು ಸಂಪೂರ್ಣ ಮೂಲೆಗುಂಪಾಯಿತು. ಕೋಳಿಗಳು ಅದರ ಆಸನದ ಮೇಲೆ ಮಲಗುತ್ತಿದ್ದವು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ, ಮನೆಯಲ್ಲಿ ಕುಳಿತಿದ್ದ ನಾನು ಒಂದು ದಿನ ಅದನ್ನು ಬೆಳಕಿಗೆ ತಂದೆನು. ಗುಜರಿಯವನು ಅದನ್ನು ತೂಕಕ್ಕೆ ಕೇಳಿದನು. ಆ ಮಾತೇ ನನ್ನನ್ನು ಕೆಲಸಕ್ಕೆ ಹಚ್ಚಿತು.

ಯಂತ್ರವನ್ನು ಬಿಚ್ಚುವುದು ಸುಲಭ. ಬಿಚ್ಚಿದ್ದನ್ನು ನೆನಪಿಡುವುದು ಕಷ್ಟ. ಆದುದರಿಂದ ನಾನು ಒಂದು ನೋಟುಬುಕ್ಕನ್ನಿಟ್ಟುಕೊಂಡು, ಪ್ರತಿಯೊಂದು ಭಾಗವನ್ನು ಬಿಚ್ಚುವ ಮೊದಲು ಅದರ ಚಿತ್ರವನ್ನು ಬರೆದುಕೊಂಡೆನು. ತಿರುಪುಮೊಳೆಗಳನ್ನು ಸಣ್ಣ ಸಣ್ಣ ಬಟ್ಟೆಯ ಚೀಲಗಳಲ್ಲಿ ಕಟ್ಟಿ ಚೀಟಿ ಅಂಟಿಸಿದೆನು. ಹೀಗೆ ಬಿಚ್ಚುತ್ತ ಹೋದಂತೆ, ಅದನ್ನು ರೂಪಿಸಿದವರ ಜಾಣ್ಮೆ ಒಂದೊಂದಾಗಿ ಕಾಣತೊಡಗಿತು. ಎಂಜಿನ್ನನ್ನು ಚಾಲೂ ಮಾಡುವ ಸನ್ನೆಯೇ ಜಾವಾದಲ್ಲಿ ಗೇರನ್ನು ಬದಲಿಸುವ ಸನ್ನೆಯೂ ಆಗಿದೆ. ಅದನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಒಂದು ಕೆಲಸ, ಕಾಲಿನಿಂದ ತುಳಿದರೆ ಇನ್ನೊಂದು ಕೆಲಸ. ಸರಪಣಿಗೆ ಧೂಳು ತಾಗದಂತೆ ಅದನ್ನು ಪೂರ್ತಿಯಾಗಿ ಮುಚ್ಚಿದ್ದಾರೆ.

ಜಾವಾದ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಸಿಲಿಂಡರ್ ಎಂಬ ಕೊಳವೆಯೊಳಗೆ ಆಡುಬೆಣೆಯು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಚಲಿಸುವಷ್ಟರಲ್ಲಿ ಅದರ ಒಂದು ಆವರ್ತ ಮುಗಿಯುತ್ತದೆ. ಕೊಳವೆಯ ಒಳವ್ಯಾಸ ೬೫ ಮಿಲಿಮೀಟರ್, ಆಡುಬೆಣೆಯ ಚಲನೆ ೭೫ ಮಿಲಿಮೀಟರ್. ನೀವು ಗಣಿತದಲ್ಲಿ ಕಲಿತಿರುವ ವೃತ್ತಸ್ತಂಭದ ಸೂತ್ರದಿಂದ ಲೆಕ್ಕ ಹಾಕಿದರೆ ಘನಫಲವು ಸುಮಾರು ೨೪೯ ಘನ ಸೆಂಟಿಮೀಟರ್ ಆಗುತ್ತದೆ. ೨೫೦ ಸಿ.ಸಿ. ಎಂದು ಹೇಳುವುದು ಇದನ್ನೇ. ಈ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ ಸುಮಾರು ೪೦ ಮಿಲಿಲೀಟರ್. ಎಣ್ಣೆಯೂ ಉರಿಯುವುದರಿಂದ, ಮತ್ತು ಪೆಟ್ರೋಲಿನ ಸ್ವಲ್ಪ ಭಾಗವು ಉರಿಯದೆಯೇ ಹೊರಹೋಗುವುದರಿಂದ, ಹೊಗೆ ಹೆಚ್ಚು. ಈ ದೋಷವನ್ನು ಮರೆಮಾಚಿ ಜಾವಾವನ್ನು ಹೊಗಳುವುದು ಸರಿಯಲ್ಲ.

ನಮ್ಮ ಜಾವಾದ ಆಡುಬೆಣೆಯು ತೇವದಿಂದ ತುಕ್ಕುಹಿಡಿದು ಕೊಳವೆಯೊಳಗೆ ಕಚ್ಚಿಕೊಂಡಿತ್ತು. ಎಣ್ಣೆಯನ್ನೂ ಡೀಸೆಲ್ಲನ್ನೂ ಬೆರೆಸಿ ಸುರಿದು ಕೆಲವು ದಿನ ಕಾಯಬೇಕೆಂದು ತಿಳಿದವರು ಹೇಳಿದ್ದರು. ನಾನು ಮೂರು ದಿನ ಕಾದೆನು. ನಾಲ್ಕನೆಯ ದಿನ ತಾಳ್ಮೆ ತಪ್ಪಿ ಸುತ್ತಿಗೆಯನ್ನೆತ್ತಿಕೊಂಡೆನು. ಆಡುಬೆಣೆ ಕದಲಲಿಲ್ಲ, ಸಿಲಿಂಡರಿನ ಸುತ್ತ ಶಾಖವನ್ನು ಹೊರಹಾಕಲೆಂದು ಇರುವ ಎರಕದ ಕಬ್ಬಿಣದ ರೆಕ್ಕೆಗಳಲ್ಲಿ ಒಂದು ಮುರಿದು ನನ್ನ ಕಾಲಬಳಿ ಬಿದ್ದಿತು. ಐವತ್ತು ವರ್ಷಗಳ ಮಳೆಯೂ ಬಿಸಿಲೂ ಮಾಡದ ಹಾನಿಯನ್ನು ನಾನು ಒಂದು ಗಳಿಗೆಯಲ್ಲಿ ಮಾಡಿದ್ದೆನು. ಸುತ್ತಿಗೆಯನ್ನು ಒಳಗಿಟ್ಟು ಮತ್ತೆ ಎಣ್ಣೆಯನ್ನು ಸುರಿದೆನು. ಹನ್ನೊಂದನೆಯ ದಿನ ಮರದ ತುಂಡಿನಿಂದ ಮೆಲ್ಲನೆ ಒತ್ತಿದಾಗ ಆಡುಬೆಣೆಯು ತಾನಾಗಿಯೇ ಜಾರಿತು.

ಬಿಡಿಭಾಗಗಳಿಗಾಗಿ ಕಲಬುರಗಿ, ಸೊಲ್ಲಾಪುರ, ಮೈಸೂರುಗಳ ಹಳೆಯ ಅಂಗಡಿಗಳನ್ನು ಸುತ್ತಿದೆನು. ಕೊನೆಗೆ ಕಲಬುರಗಿಯಲ್ಲಿ ಬಾಲ್ಯದಿಂದಲೂ ಜಾವಾಗಳನ್ನೇ ದುರಸ್ತಿ ಮಾಡುತ್ತ ಬಂದಿದ್ದ ಒಬ್ಬ ವೃದ್ಧ ಮೇಸ್ತ್ರಿ ದೊರೆತರು. ಅವರು ಮುರಿದ ರೆಕ್ಕೆಯನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು, ಏನೂ ಕೇಳಲಿಲ್ಲ. ಕೊಳವೆಯ ಒಳಮೈಯನ್ನು ಕೊರೆಸಿ, ಅರ್ಧ ಮಿಲಿಮೀಟರಿನಷ್ಟು ದೊಡ್ಡದಾದ ಆಡುಬೆಣೆಯನ್ನು ಹೊಂದಿಸಿಕೊಟ್ಟರು. ಕಾರ್ಖಾನೆಯು ಮುಚ್ಚಿಹೋದರೂ ಅದರ ವಿದ್ಯೆಯು ಇಂತಹವರ ಬೆರಳುಗಳಲ್ಲಿ ಉಳಿದಿದೆ ಎಂಬುದು ನನಗೆ ಅಂದು ಮನದಟ್ಟಾಯಿತು.

ವಿದ್ಯಾರ್ಥಿಗಳೇ, ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪೆಟ್ರೋಲಿನ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ. ಅದರೊಳಗೆ ಉಳಿದ ಆವಿಯು ಗಾಳಿಯೊಡನೆ ಬೆರೆತಿರುವುದರಿಂದ, ಬೆಸುಗೆಯ ಒಂದು ಕಿಡಿ ತಾಗಿದರೂ ಅದು ಸಿಡಿಯಬಹುದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ಉಜ್ಜಿದ ಧೂಳನ್ನು ಉಸಿರಾಡಬಾರದು. ಕ್ರೋಮ್ ಲೇಪನಕ್ಕೆ ಬಳಸುವ ದ್ರಾವಣವು ವಿಷಕರವಾದದ್ದು. ಈ ಕೆಲಸಗಳನ್ನೆಲ್ಲ ನಾನು ಬಲ್ಲವರಿಗೆ ಒಪ್ಪಿಸಿದೆನು. ತನ್ನ ಕೈಯಿಂದ ಆಗದುದನ್ನು ಒಪ್ಪಿಕೊಳ್ಳುವುದೂ ಕುಶಲತೆಯ ಒಂದು ಭಾಗವೇ ಆಗಿದೆ.

ಬಣ್ಣ ಹಚ್ಚುವ ಕಾಲಕ್ಕೆ ಒಂದು ಸಮಸ್ಯೆ ಎದುರಾಯಿತು. ಟ್ಯಾಂಕಿನ ತಗ್ಗನ್ನು ಎತ್ತಿ ಸಮಮಾಡಿದರೆ ವಾಹನವು ಹೊಸದರಂತೆ ಕಾಣುವುದೆಂದು ಬಣ್ಣದವನು ಹೇಳಿದನು. ನನಗೂ ಹಾಗೆಯೇ ತೋರಿತ್ತು. ಟ್ಯಾಂಕನ್ನು ತೆಗೆದುಕೊಂಡು ಹೋಗಿ ಮೇಸ್ತ್ರಿಯವರ ಅಭಿಪ್ರಾಯವನ್ನು ಕೇಳಿದೆನು. ತಗ್ಗು ಹೇಗಾಯಿತೆಂದು ಅವರು ವಿಚಾರಿಸಿದರು; ನಾನು ಮಳೆಯ ರಾತ್ರಿಯ ಸಂಗತಿಯನ್ನು ತಿಳಿಸಿದೆನು. ಅವರು ಬೆರಳಿನಿಂದ ತಗ್ಗನ್ನು ಸವರಿ, "ತುಕ್ಕು ಬೆಳೀತದ, ತಗ್ಗು ಬೆಳೆಯೂದಿಲ್ಲ. ಬೆಳೆಯೋದನ್ನ ತೆಗೀರಿ, ಇದ್ದದ್ದು ಇರಲಿ" ಎಂದರು.

ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ತುಕ್ಕು ರೋಗವಿದ್ದಂತೆ, ಕಂಡಷ್ಟನ್ನು ತೆಗೆದು, ಕಾಣದಷ್ಟನ್ನೂ ಹುಡುಕಿ ತೆಗೆಯಬೇಕು. ತಗ್ಗು ಹಾಗಲ್ಲ, ಅದು ವಾಹನವು ಬಾಳಿದ ಬಾಳಿನ ಗುರುತು. ಎರಡನ್ನೂ ಒಂದೇ ಎಂದು ಭಾವಿಸಿ ಉಜ್ಜಿಹಾಕಿದರೆ ನಮಗೆ ದೊರೆಯುವುದು ಹೊಸ ವಾಹನದ ಒಂದು ನಕಲು ಮಾತ್ರ. ನಾನು ತುಕ್ಕನ್ನು ತೆಗೆಸಿ, ತಗ್ಗನ್ನು ಉಳಿಸಿ, ಅದರ ಮೇಲೆಯೇ ಕೆಂಪುಬಣ್ಣವನ್ನು ಹಚ್ಚಿಸಿದೆನು. ಮುರಿದ ರೆಕ್ಕೆಯನ್ನೂ ಬೆಸೆಯಿಸಲಿಲ್ಲ. ಅದೂ ಈಗ ಆ ವಾಹನದ ಕಥೆಯೇ ಅಲ್ಲವೆ?

೨೦೨೨ರ ಒಂದು ಸಂಜೆ ಅಂಗಳದಲ್ಲಿ ಸನ್ನೆಯನ್ನು ತುಳಿದೆನು. ಏನೂ ಆಗಲಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವಿನ ಅಂತರವು ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ನಾನು ಹೆಚ್ಚು ಬಿಟ್ಟಿದ್ದೆನು. ಸರಿಪಡಿಸಿ ಮತ್ತೆ ತುಳಿದಾಗ ನೀಲಿ ಹೊಗೆಯೊಡನೆ ಆ ಪರಿಚಿತ ಸಪ್ಪಳ ಎದ್ದಿತು. ಅಡಿಗೆಯ ಮನೆಯಿಂದ ತಾಯಿಯವರು ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ಆಲಿಸಿ ನಿಂತರು. ಆಮೇಲೆ, "ಸಪ್ಪಳ ಅದೇ ಅದ. ಖರೆ ಅವರು ಇಷ್ಟು ಜೋರ ತಿರುವತಿದ್ದಿಲ್ಲ" ಎಂದು ಹೇಳಿ ಒಳಗೆ ಹೋದರು. ನಾನು ಕೈಯನ್ನು ಸಡಿಲಿಸಿದೆನು.

ಐವತ್ತು ವರ್ಷಗಳನ್ನು ದಾಟಿ ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳನ್ನು ಪುರಾತನ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಲು ೨೦೨೧ರಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ರಚಿಸಿತು. ಹಾಗೆ ನೋಂದಾಯಿಸಿದವುಗಳನ್ನು ದಿನನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ಇದು ಯುಕ್ತವೇ ಆಗಿದೆ. ಜಾವಾ ಹೆಸರಿನ ಹೊಸ ವಾಹನಗಳು ೨೦೧೮ರಿಂದ ಮತ್ತೆ ಮಾರುಕಟ್ಟೆಗೆ ಬಂದಿವೆ. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಕೈಗಳು ಮಾಡಿದ ಜಾವಾಗಳು ಇನ್ನು ಹುಟ್ಟುವುದಿಲ್ಲ. ಇರುವವುಗಳನ್ನು ಉಳಿಸಿಕೊಳ್ಳಬಹುದು, ಅಷ್ಟೆ. ನಿಮ್ಮ ಮನೆಯ ಮೂಲೆಯಲ್ಲಿಯೂ ಒಂದು ಹಳೆಯ ಹೊಲಿಗೆಯಂತ್ರವೋ ಗಡಿಯಾರವೋ ರಾಟೆಯೋ ಇರಬಹುದು. ಅದನ್ನು ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಬೆಳಕಿಗೆ ತಂದು ನೋಡಿರಿ. ಅದರಲ್ಲಿ ತುಕ್ಕು ಯಾವುದು, ತಗ್ಗು ಯಾವುದು ಎಂದು ಮನೆಯ ಹಿರಿಯರನ್ನು ಕೇಳಿರಿ.

ಶಬ್ದಾರ್ಥ
ಆಡುಬೆಣೆ – ಪಿಸ್ಟನ್
ಸನ್ನೆ – ಮೀಟುಗೋಲು, ಲಿವರ್
ಎರೆಮಣ್ಣು – ಕಪ್ಪುಮಣ್ಣು
ಸಪ್ಪಳ – ಸದ್ದು, ಶಬ್ದ
ಗುಜರಿ – ಹಳೆಯ ಸಾಮಾನುಗಳ ವ್ಯಾಪಾರ
ಖರೆ – ನಿಜ; ಇಲ್ಲಿ 'ಆದರೆ' ಎಂಬರ್ಥದಲ್ಲಿ ಬಂದಿದೆ
ಯುಕ್ತ – ತಕ್ಕದ್ದು, ಸರಿಯಾದದ್ದು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. 'ಜಾವಾ' ಎಂಬ ಹೆಸರು ಹೇಗೆ ಹುಟ್ಟಿತು?
೨. ಮೈಸೂರಿನ ಕಾರ್ಖಾನೆಯನ್ನು ಯಾರು, ಯಾವಾಗ ಉದ್ಘಾಟಿಸಿದರು?
೩. ಸಿಲಿಂಡರಿನ ಸುತ್ತ ಇರುವ ರೆಕ್ಕೆಗಳ ಉಪಯೋಗವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಮೈಸೂರಿನಲ್ಲಿ ಜಾವಾ ತಯಾರಿಕೆ ನಿಂತುಹೋಗಲು ಕಾರಣಗಳೇನು?
೨. ಲೇಖಕರು ತಾಳ್ಮೆ ತಪ್ಪಿದ್ದರಿಂದ ಆದ ಹಾನಿಯೇನು? ಅದರಿಂದ ಅವರು ಏನು ಕಲಿತರು?
೩. ಯಾವ ಕೆಲಸಗಳನ್ನು ಮನೆಯಲ್ಲಿ ಮಾಡಬಾರದು? ಏಕೆ?

ಇ) ಸಂದರ್ಭವನ್ನು ತಿಳಿಸಿ ಸ್ವಾರಸ್ಯವನ್ನು ವಿವರಿಸಿರಿ.
೧. "ತುಕ್ಕು ಬೆಳೀತದ, ತಗ್ಗು ಬೆಳೆಯೂದಿಲ್ಲ."
೨. "ಖರೆ ಅವರು ಇಷ್ಟು ಜೋರ ತಿರುವತಿದ್ದಿಲ್ಲ."

ಈ) ಭಾಷಾಭ್ಯಾಸ
೧. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಸಂಗ್ರಹಾಲಯ, ಮಳೆಗಾಲ, ಊರೂರು.
೨. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮೂಲೆಗುಂಪಾಗು, ಮನದಟ್ಟಾಗು, ಬೆಳಕಿಗೆ ತರು.

ಉ) ಚಟುವಟಿಕೆ: ನಿಮ್ಮ ಮನೆಯಲ್ಲಿರುವ ಹಳೆಯ ವಸ್ತುವೊಂದರ ಕಥೆಯನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.