ಜಾಹೀರಾತಿಗಿಂತ ಮೊದಲೇ ಹೊರಡಬೇಕು

ಹುನಗುಂದ, ಇಳಕಲ್ ಕಡೆಯಿಂದ ಎಂ.ಎ., ಎಂ.ಎಸ್ಸಿ. ಮುಗಿಸಿ ಬಂದವರು ನನ್ನನ್ನು ಕೇಳುವುದು ಒಂದೇ ಮಾತು: ‘ಸರ್, ಪೋಸ್ಟ್ ಯಾವಾಗ ಕರೀತಾರ್ರಿ?’ ಸಂಶೋಧನೆಗೆ ಹುಡುಗರನ್ನು ಸೇರಿಸುತ್ತ ಬಂದವನಾಗಿ ನಾನು ಹೇಳುವುದಿಷ್ಟು.

1. ಕಾಯಂ ಹುದ್ದೆಗೆ ಕರೆಯುವುದು ಅಪರೂಪ. ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ಕರೆದದ್ದು 2021ರಲ್ಲಿ. ಕರೆ ಬಂದ ಮೇಲೆ ಓದಲು ಕೂತರೆ ಆಗದು. ನೆಟ್ ಅಥವಾ ಕೆ-ಸೆಟ್ ಮೊದಲೇ ಕೈಯಲ್ಲಿರಬೇಕು. ಬೋಧನೆಯ ಅರ್ಹತೆಗೆ ವಯೋಮಿತಿ ಇಲ್ಲ, ನೆಟ್ ಮೂಲಕವೇ ಸಿಗುವ ಜೆಆರ್‌ಎಫ್ ಸಂಶೋಧನಾ ಫೆಲೋಶಿಪ್‌ಗೆ ಇದೆ: ಸಾಮಾನ್ಯವಾಗಿ 30, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷದ ಸಡಿಲಿಕೆ. ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಒಕ್ಕಲುತನದ ಮನೆಯವರಿಗೆ ಇದಕ್ಕಿಂತ ದೊಡ್ಡ ಆಸರೆ ನನಗೆ ಗೊತ್ತಿಲ್ಲ.

2. ಸಂಶೋಧನೆಯ ವಿಷಯ ಹುಡುಕಲು ಬೆಂಗಳೂರಿಗೆ ಹೋಗಬೇಡಿ. ನಮ್ಮಲ್ಲೇ ಇರುವ, ಮರೋಳದ ಹೆಸರು ಹೊತ್ತ ರಾಮಥಾಳ ಹನಿ ನೀರಾವರಿ ಯೋಜನೆ ಸುಮಾರು 24,000 ಹೆಕ್ಟೇರಿನದು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯ ನೀರೆತ್ತಿ ಹೊಲಹೊಲಕ್ಕೆ ಪೈಪು ಹಾಕಿದ್ದಾರೆ. ಹಾಗಿದ್ದೂ ಮಳೆ ನಂಬಿಯೇ ಕಡಲೆ, ಜೋಳ ಬಿತ್ತುವವರಿದ್ದಾರೆ. ಯಾಕೆ? ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮಣ್ಣು ವಿಜ್ಞಾನ, ಮೂರಕ್ಕೂ ಇದು ಪ್ರಶ್ನೆ. ಇತಿಹಾಸದವರಿಗೆ ಐಹೊಳೆ ಹುನಗುಂದ ತಾಲ್ಲೂಕಿನಲ್ಲೇ ಇದೆ. ಸಂದರ್ಶನದಲ್ಲಿ ಇಂಥ ಪ್ರಶ್ನೆಯನ್ನು ಹೊಲದ ಹೆಸರು ಹಿಡಿದು ವಿವರಿಸುವವರನ್ನು ಮಾರ್ಗದರ್ಶಕರು ಮರೆಯುವುದಿಲ್ಲ.

3. ಮಾರ್ಗದರ್ಶಕರ ಬಳಿ ಜಾಗವಿದೆಯೇ ಎಂದು ಮೊದಲು ವಿಚಾರಿಸಿ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಪಿಎಚ್.ಡಿ. ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಳ್ಳಬಹುದು. ಅವರ ಒಂದಾದರೂ ಲೇಖನ ಓದಿ, ಅದರ ಬಗ್ಗೆ ನಾಲ್ಕು ಸಾಲು ಬರೆದು ಪತ್ರ ಹಾಕಿ. ‘ತಮ್ಮ ಆಶೀರ್ವಾದ ಬೇಕು’ ಎಂಬ ಪತ್ರಗಳು ಅವರಲ್ಲಿ ಬೇಕಾದಷ್ಟಿವೆ.

4. ಪ್ರಾಜೆಕ್ಟ್ ಕೆಲಸಕ್ಕೆ ಮೂಗು ಮುರಿಯಬೇಡಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಇವು ಗುತ್ತಿಗೆಯವು. ಪ್ರಕಟಣೆಗೂ ನೇರ ಸಂದರ್ಶನಕ್ಕೂ ನಡುವೆ ಹೆಚ್ಚು ದಿನ ಇರುವುದಿಲ್ಲ. ವಾರಕ್ಕೊಮ್ಮೆಯಾದರೂ ಜಾಲತಾಣ ನೋಡಿ. ಒಂದು ಮಾತು: ಕೃಷಿ, ತೋಟಗಾರಿಕೆ ಓದಿದವರ ನೆಟ್ ಬೇರೆ, ಅದನ್ನು ನಡೆಸುವುದು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ).

5. ಇಳಕಲ್ ದಾಟಿ ಕುಷ್ಟಗಿಗೆ ಹೋದರೆ ಸ್ಥಳೀಯರಿಗೆ ಮೀಸಲಾತಿ ಇರುವ 371ಜೆ ಸೀಮೆ. ನಮ್ಮ ಬಾಗಲಕೋಟೆ ಜಿಲ್ಲೆ ಅದರೊಳಗಿಲ್ಲ. ರಾಯಚೂರು, ಕಲಬುರಗಿಯ ರಾಜ್ಯ ವಿಶ್ವವಿದ್ಯಾಲಯಗಳ ಜಾಹೀರಾತಿನಲ್ಲಿ ಸ್ಥಳೀಯರಿಗೆಷ್ಟು, ಉಳಿದವರಿಗೆಷ್ಟು ಎಂಬುದನ್ನು ನೋಡಿಯೇ ಶುಲ್ಕ ಕಟ್ಟಿ.

6. ಅತಿಥಿ ಉಪನ್ಯಾಸಕರಾದರೆ ಅನುಭವ ಪತ್ರವನ್ನು ವರ್ಷ ಮುಗಿದ ವಾರವೇ ಸಹಿ ಮಾಡಿಸಿಕೊಳ್ಳಿ. ಪ್ರಾಚಾರ್ಯರು ವರ್ಗವಾದ ಮೇಲೆ ಹಳೆಯ ಹಾಜರಿ ಪುಸ್ತಕ ಹುಡುಕುವುದು ಇನ್ನೊಂದು ಪಿಎಚ್.ಡಿ.